ಬಟನ್‌ಗೆ ಹತ್ತು ಕೈ

ಸುಜಾತಾ ಬೆರಳನ್ನು ಬಲದಿಂದ ಎಡಕ್ಕೆ ಎಳೆದಳು. ಹಾಳಿ ತಿರುಗಲಿಲ್ಲ. ಮತ್ತೆ ಎಳೆದಳು. ಅದೇ ಹಾಳಿ.

ಶಹಾಬಾದದ ಹಾಸ್ಟೆಲ್ ಲೈಬ್ರರಿಯ ಮೇಜಿನ ಮೇಲೆ ಅಂದು ಎರಡು ಇ-ರೀಡರ್ ಇದ್ದವು. ಒಂದಕ್ಕೆ ಅಂಚಿನಲ್ಲಿ ಬಟನ್, ಒತ್ತಿದರೆ ಟಕ್ ಎಂದು ಹಾಳಿ ಮುಂದಕ್ಕೆ. ಇನ್ನೊಂದಕ್ಕೆ ಬಟನ್ನೇ ಇಲ್ಲ, ಗಾಜಿನ ಮೇಲೆ ಬೆರಳು ಸವರಬೇಕು. ಲೈಬ್ರರಿ ನೋಡಿಕೊಳ್ಳುವ ಕಾಶೀನಾಥ ಸರ್ ಬೆಳಿಗ್ಗೆಯೇ ಹೇಳಿದ್ದರು: "ಎರಡೂ ತಿರುವಿ ನೋಡ್ರಿ. ಯಾವುದಕ್ಕ ಜಾಸ್ತಿ ಕೈ ಏಳ್ತಾವ, ಅದನ್ನೇ ಇಪ್ಪತ್ತು ತರಿಸೋದು. ಪರೀಕ್ಷಾ ಪುಸ್ತಕ ಇನ್ನ ಮ್ಯಾಲ ಎಲ್ಲಾ ಅದರಾಗೇ. ಕಾಗದದ್ದು ಬರಂಗಿಲ್ಲ."

ಪರೀಕ್ಷೆಗೆ ಎರಡು ತಿಂಗಳಿತ್ತು. ಬಟನ್ ಇದ್ದದ್ದರಲ್ಲಿ ಅವಳು ಹತ್ತು ಹಾಳಿ ಸರಸರ ಓದಿ ಮುಗಿಸಿದ್ದಳು. ಇದು ಮಾತ್ರ ಮೊಂಡ ಎತ್ತಿನ ಹಾಗೆ ಕದಲಲಿಲ್ಲ. ಕಾರಣ ಅವಳಿಗೆ ಗೊತ್ತು. ರಜೆ ಬಂದರೆ ರಾವೂರಿನ ಪಾಲಿಶ್ ಅಡ್ಡೆಯಲ್ಲಿ ಕಲ್ಲು ಉಜ್ಜುವ ಕೈ. ಬೆರಳ ತುದಿಯ ಚರ್ಮ ಹಲಗೆಯಾಗಿ ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಶನ್ ಅಂಗಡಿಯ ಯಂತ್ರವೂ ಅವಳ ಹೆಬ್ಬೆಟ್ಟು ಒಪ್ಪುವುದಿಲ್ಲ. ಯಾರೂ ನೋಡುತ್ತಿಲ್ಲವೆಂದುಕೊಂಡು ಬೆರಳನ್ನು ನಾಲಿಗೆಗೆ ತಾಗಿಸಿದಳು.

"ಅಯ್ಯ ಯವ್ವಾ, ಉಗುಳು!" ಪಕ್ಕದಲ್ಲಿದ್ದ ಸೇಡಂ ಅಂಗಡಿಕಾರರ ಮಗಳು ಭಾಗ್ಯಶ್ರೀ ಕಿಸಕ್ಕನೆ ನಕ್ಕಳು. "ಪಂಚಾಂಗ ಅಂತ ತಿಳದೀ ಏನ?"

ಸುಜಾತಾ ಬೆರಳನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಅಷ್ಟರಲ್ಲಿ ಭೀಮಬಾಯಿ ಬಂದು ಕೈಚಾಚಿದಳು. ಇವಳದೇ ಊರು, ಅದೇ ಅಡ್ಡೆಯಲ್ಲಿ ಪಕ್ಕದಲ್ಲೇ ಕೂತು ಕಲ್ಲು ಉಜ್ಜುವವಳು. "ಹೆಂಗದಲೇ?"

ಭಾಗ್ಯಶ್ರೀ ಇನ್ನೂ ನಗುತ್ತಿದ್ದಳು. "ಛಲೋ ಅದ," ಎಂದಳು ಸುಜಾತಾ.

ಭೀಮಬಾಯಿ ಅದನ್ನು ಹಿಡಿದು ಎಲ್ಲರಿಗೂ ಬೆನ್ನು ಹಾಕಿ ಕಿಟಕಿಯ ಬಳಿ ಕೂತಳು. ಅರ್ಧ ತಾಸು ಏಳಲಿಲ್ಲ. "ಬೆಣ್ಣ್ಯಾಗ ಬೆರಳ ಇಟ್ಟಂಗ ಅದ ನೋಡು!" ಎಂದು ಅಲ್ಲಿಂದಲೇ ಕೂಗಿದಳು. ಸುಜಾತಾ ತನ್ನ ಬೆರಳ ತುದಿ ನೋಡಿಕೊಂಡಳು. ಒಂದೇ ಕಲ್ಲು, ಒಂದೇ ನೀರು, ಆದರೂ ಅವಳ ಬೆರಳು ನಡೆಯುತ್ತದೆ. ಹಾಗಾದರೆ ಇಡೀ ಹಾಸ್ಟೆಲಿನಲ್ಲಿ ನಡೆಯದ ಬೆರಳು ತನ್ನದೊಂದೇ.

"ಬಟನ್ ಬೇಕನ್ನವರು ಕೈ ಎತ್ರಿ," ಎಂದರು ಸರ್. ಮಲಗಿಕೊಂಡು ಒಂದೇ ಕೈಯಲ್ಲಿ ಓದುವವರೆಲ್ಲ ಎತ್ತಿದರು. ಹತ್ತು. ಸುಜಾತಾಳ ಕೈ ಮೊಣಕಾಲ ಮೇಲಿಂದ ಅರ್ಧ ಎದ್ದಿತು. ಭಾಗ್ಯಶ್ರೀ ತಿರುಗಿ ನೋಡಿದಳು. ಕೈ ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು.

"ಟಚ್?"

ಭೀಮಬಾಯಿ ಸುಜಾತಾಳ ಕಡೆ ನೋಡಿದಳು. ಸುಜಾತಾ ಕೈ ಎತ್ತಿದಳು. ಆಮೇಲೆ ಭೀಮಬಾಯಿಯೂ ಎತ್ತಿದಳು. ಸರ್ ಎಣಿಸಿದರು. ಹನ್ನೊಂದು.

ಎಲ್ಲರೂ ಎದ್ದಾಗ ಭೀಮಬಾಯಿ ರೀಡರನ್ನು ಇವಳ ಕೈಗಿಟ್ಟಳು. "ಸರ್‌ಗೆ ಕೊಟ್ಟುಬಿಡು." ಸುಜಾತಾ ಗಾಜಿನತ್ತ ಕಣ್ಣು ಹಾಯಿಸಿದಳು. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಪುಟ 1, ಒಟ್ಟು 312.

"ಅರ್ಧ ತಾಸು ಏನ್ ಓದಿದಿ?"

ಭೀಮಬಾಯಿ ಕೈಗಳನ್ನು ಓಢಣಿಯೊಳಗೆ ಸುತ್ತಿಕೊಂಡಳು. "ನೀನೇ ಛಲೋ ಅದ ಅಂದ್ಯಲ್ಲ."

ಬಾಗಿಲಲ್ಲಿ ನಿಂತು ಕಾಶೀನಾಥ ಸರ್ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು: "ಇಪ್ಪತ್ತೂ ಟಚ್ಚೇ ಕಳಸ್ರಿ. ಹೌದ್ರಿ, ಹುಡುಗ್ಯಾರೇ ಆರಿಸ್ಯಾರ."