ಎಂಟು ಗಂಟೆಯ ಚಹಾ

ಪಾಲಿಶ್ ಮಷೀನಿನಿಂದ ಆಸಿಡ್ ಬೆರೆತ ಕಲ್ಲಿನ ರಾಡಿ ಸಿಡಿದು ನಬಿಸಾಬನ ಎಡಗಣ್ಣಿಗೆ ಬಿದ್ದಾಗ, ಸಾಹುಕಾರ ಅಣವೀರಪ್ಪ ಶೆಡ್ಡಿನ ಮೂಲೆಯ ಆಫೀಸಿನಲ್ಲಿ ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗಡೆ ತಂಬಿಗೆ ತುಂಬ ನೀರು, ಮೇಜಿನ ಮೇಲೆ ಶೆಡ್ಡಿನಲ್ಲಿ ಚಹಾ ಕಾಸುವ ಭಾಗಮ್ಮ ತಂದಿಟ್ಟು ಬಸಿ ಮುಚ್ಚಿದ್ದ ಚಹಾ. ಲಿಂಗಕ್ಕೆ ನೀರೆರೆಯದೆ ಅವರು ಚಹಾ ಮುಟ್ಟುವವರಲ್ಲ. ಆ ನೀರಾದರೂ ಕಂಡಕಂಡ ಕಡೆಯದಲ್ಲ. ಶಹಾಬಜಾರದ ಮನೆಯ ಬಾವಿಯದು. ದಿನಾ ಬೆಳಿಗ್ಗೆ ಆ ತಂಬಿಗೆ ಕಲಬುರಗಿಯಿಂದ ಕಮಲಾಪುರದವರೆಗೆ ಕಾರಿನ ಮುಂದಿನ ಸೀಟಿನಲ್ಲಿ, ತಲೆ ತುಂಬ ಬಟ್ಟೆ ಹೊದ್ದು, ಸಾಹುಕಾರರ ಪಕ್ಕದಲ್ಲೇ ಕೂತು ಬರುತ್ತಿತ್ತು.

"ಯಾ ಅಲ್ಲಾ, ಕಣ್ಣು ಹೋಯ್ತಲ್ಲೋ!" ನಬಿಸಾಬ್ ಚೀರಿದ.

ಲೋಡರ್ ನಡೆಸುವ ಫುರ್ಕಾನ್ ಓಡಿಬಂದು ನಬಿಸಾಬನನ್ನು ಗೋಡೆಯ ನಳದ ಕಡೆ ಎಳೆದ. ನಳದ ಮೇಲೆ 'ಕಣ್ಣು ತೊಳೆಯುವ ಸ್ಥಳ' ಎಂಬ ಹಸಿರು ಬೋರ್ಡು. ಹೋದ ತಿಂಗಳು ತಪಾಸಣೆಗೆ ಕಾರ್ಖಾನೆ ಇಲಾಖೆಯ ಶೀಲಾ ಮೇಡಂ ಬರುತ್ತಾರೆಂದು ತಿಳಿದ ಮೇಲೆ ಬರೆಸಿದ್ದು. "ನೀರು ಹ್ಯಾಂಗವ?" ಎಂದು ಅವರು ಕೇಳಿದಾಗ, "ಎಳನೀರಿದ್ದಂಗ ಅವ್ರೀ ಮೇಡಂ" ಎಂದಿದ್ದರು ಅಣವೀರಪ್ಪ. ಆ ನೀರು ಬರುವ ಬೋರಿನ ಮಗ್ಗುಲಲ್ಲೇ ಪಾಲಿಶ್ ರಾಡಿ ಬಿಡುವ ಗುಂಡಿ. ಮೇಡಂ ಹೇಳಿದ ಕನ್ನಡಕಗಳೂ ಬಂದಿದ್ದವು. ಖಂಡೇಪೂಜೆಯಂದು ಹತಾರಗಳ ಜೊತೆ ಅವುಗಳ ಗಾಜಿಗೂ ಮೂರೆಳೆ ವಿಭೂತಿ ಹಚ್ಚಿ, ಹೂ ಏರಿಸಿ ಮೊಳೆಗೆ ಹಾಕಿದ್ದನ್ನು ಅಂದಿನಿಂದ ಯಾರೂ ಇಳಿಸಿರಲಿಲ್ಲ. ಪೂಜೆಯಾದ ವಸ್ತುವನ್ನು ಮೂಗಿನ ಮೇಲೆ ಏರಿಸುವುದು ಹೇಗೆ?

ನಳ ಎರಡು ಸಲ ಕೆಮ್ಮಿತು. ಆಮೇಲೆ ಅಕ್ಕಿ ತೊಳೆದಂಥ ಬಿಳಿ ನೀರು ಸುರಿಯಿತು.

"ಬ್ಯಾಡೋ, ಇದು ಹಾಕಿದ್ರ ಇದ್ದದ್ದೂ ಹೋಗ್ತದ," ಎಂದು ನಬಿಸಾಬ್ ಮುಖ ತಿರುವಿದ. "ಕುಡಿಯೋ ನೀರಿನ ಕ್ಯಾನ್ ತರ್ರಿ!"

"ಕ್ಯಾನ್ ಬರೋದು ಹತ್ತಕ್ಕಲ್ಲೋ ಅಣ್ಣಾ. ನಿನ್ನೀದು ನಿನ್ನೇ ಖಾಲಿ ಆಗ್ಯದ," ಎಂದಳು ಭಾಗಮ್ಮ.

ಎಲ್ಲರ ಕಣ್ಣೂ ಆಫೀಸಿನತ್ತ ಹೋದವು. ಬಾಯಿ ಬಿಟ್ಟು ಕೇಳುವ ಪ್ರಸಂಗ ಬರಲಿಲ್ಲ. ಅಣವೀರಪ್ಪ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಎದೆಗೆ ಹಾಕಿಕೊಂಡು, ತಂಬಿಗೆ ಹಿಡಿದು ಬಂದೇಬಿಟ್ಟರು. ನೆಲದಲ್ಲೇ ಕೂತು ನಬಿಸಾಬನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಸಣ್ಣ ಧಾರೆ, ಕಡಿಯದ ಧಾರೆ. ಆ ಕೈಗೆ ದಿನದ ರೂಢಿ.

"ಕಣ್ಣು ತೆರಿಯೋ ಮಾರಾಯ."

"ಉರಿಲಿಕತ್ತದ್ರೀ! ಅಲ್ರೀ ಸಾವ್ಕಾರ್ರೆ, ನಿಮ್ಮ ದೇವರ ನೀರು ನನ್ನ ಮುಖಕ್ಕ..."

"ದೇವರು ಏನೂ ಅನ್ನಂಗಿಲ್ಲ. ನಿನ್ನ ಹೇಣ್ತಿ ಇಕ್ಬಾಲ್ ಬೇಗಂ ಬಂದು ನಿಂತ್ರ ನಾ ಏನ್ ಹೇಳ್ಲಿ? ಆಕಿ ಬಿಡಂಗಿಲ್ಲ ನನ್ನ. ತೆರಿ!"

ಫುರ್ಕಾನ್ ಅವನನ್ನು ಬೈಕಿಗೆ ಹತ್ತಿಸಿಕೊಂಡು ಕಮಲಾಪುರದ ದವಾಖಾನೆಗೆ ಹೊರಟ. ತಂಬಿಗೆಯ ತಳದಲ್ಲಿ ಉಳಿದಿದ್ದ ನೀರನ್ನು ದಾರಿಯುದ್ದಕ್ಕೂ ಕಣ್ಣಿಗೆ ಚಿಮುಕಿಸಿಕೊಳ್ಳುತ್ತ ನಬಿಸಾಬ್ ಹಿಂದೆ ಕೂತಿದ್ದ.

ಇತ್ತ ಪೂಜೆ ಅರ್ಧಕ್ಕೇ ನಿಂತಿತ್ತು. ಭಾಗಮ್ಮ ಚರಿಗೆಯಲ್ಲಿ ನಳದ ನೀರು ಹಿಡಿದು ತಂದಿಟ್ಟಳು. "ಮುಗಸ್ರೀ ಸಾವ್ಕಾರ್ರೆ, ಚಾ ಆರ್ಲಿಕತ್ತದ."

ಅಣವೀರಪ್ಪ ಚರಿಗೆಯೊಳಗೆ ಇಣುಕಿದರು. ಬಿಳಿ ಸುಳಿ ಮೆಲ್ಲಗೆ ತಿರುಗುತ್ತಿತ್ತು. "ಇದು ಬ್ಯಾಡ, ಒಯ್ಯಿ."

"ಯಾಕ್ರೀ? ಇವರ ಕಣ್ಣಿಗಿ ನಡೀತಾವಂತ ಬೋರ್ಡ್ ಹಾಕ್ಸೀರಿ. ಲಿಂಗಕ್ಕ ನಡಿಯಂಗಿಲ್ಲೇನ್ರೀ?"

ಅವರು ಚರಿಗೆಯನ್ನು ಆಕೆಯ ಕಡೆ ಸರಿಸಿದರು. ಭಾಗಮ್ಮ ಚರಿಗೆ ಒಯ್ದಳು.

ಗಂಟೆಯೊಳಗೆ ನಬಿಸಾಬ್ ತಿರುಗಿ ಬಂದ. ಎಡಗಣ್ಣಿಗೆ ಬಿಳಿ ಪಟ್ಟಿ, ಕೈಯಲ್ಲಿ ಅದೇ ತಂಬಿಗೆ, ತುಂಬಿತ್ತು. "ಲಗೂನ ಛಲೋ ನೀರು ಹಾಕೀರಿ, ಅದಕ್ಕ ಕಣ್ಣು ಉಳೀತು ಅಂದ್ರು ಡಾಕ್ಟರ್. ಬರೋವಾಗ ಫಿಲ್ಟರ್ ನೀರು ತುಂಬಿಸ್ಕೊಂಡು ಬಂದೀನ್ರೀ. ತೊಗೋರಿ, ನನ್ನಿಂದ ನಿಮ್ಮ ಚಾ ತಪ್ಪೋದು ಬ್ಯಾಡ."

ಅಣವೀರಪ್ಪ ಎರಡೂ ಕೈಯಿಂದ ಇಸಿದುಕೊಂಡರು. ಶೆಡ್ಡಿನಲ್ಲಿ ಇನ್ನೂ ಹನ್ನೊಂದು ಮಂದಿ ರಾಡಿಯ ಮೇಲೆ ಬಾಗಿದ್ದರು. ಹುಬ್ಬೆಲ್ಲ ಬಿಳಿ, ಇಪ್ಪತ್ತೆರಡು ಕಣ್ಣು. ತಂಬಿಗೆ ಒಂದೇ. ಅದನ್ನು ಒಯ್ದು ಹಸಿರು ಬೋರ್ಡಿನ ಕೆಳಗಿಟ್ಟು ಬಟ್ಟೆ ಮುಚ್ಚಿದರು. ಪಕ್ಕದಲ್ಲೇ ಮಷೀನುಗಳ ಮೇನ್ ಸ್ವಿಚ್ಚು. ಅದರ ಮೇಲೆ ಕೈ ಇಟ್ಟರು. ಸಂಜೆಯೊಳಗೆ ಮೋಮಿನಪುರಕ್ಕೆ ಒಂದು ಲೋಡ್ ಕಲ್ಲು ಹೋಗಬೇಕಿತ್ತು. ಕೈ ಅಲ್ಲೇ ನಿಂತಿತು.

ಅಷ್ಟರಲ್ಲಿ ಭಾಗಮ್ಮ ಆರಿದ ಚಹಾ ಚೆಲ್ಲಲು ಹೊರಬಂದು ಕಪ್ಪನ್ನು ಬಾಗಿಸಿದಳು. ಚಹಾ ಹರಿದುಹೋಯಿತು. ತಳದಲ್ಲಿ ಸುಣ್ಣದಂಥ ಬಿಳಿ ಗಷ್ಟು, ಅಲುಗದೆ, ಹಾಗೇ ಕೂತಿತ್ತು.

"ಭಾಗಮ್ಮ," ಅಣವೀರಪ್ಪ ಕಪ್ಪನ್ನೇ ನೋಡುತ್ತಿದ್ದರು. "ಕ್ಯಾನ್ ಹತ್ತಕ್ಕ ಬರ್ತದ. ನನ್ನ ಚಾ ಎಂಟಕ್ಕ. ದಿನಾ ಯಾವ ನೀರಿಲೆ ಕಾಸ್ತಿ?"

"ಯಾವುದಿಲೆ ಅಂದ್ರ?" ಭಾಗಮ್ಮ ಕಪ್ಪನ್ನು ಸೆರಗಿನಿಂದ ಒರೆಸಿದಳು. "ಮೂರು ವರ್ಷದಿಂದ ನಿಮ್ಮ ಎಳನೀರಿಲೇನೇ ರೀ."