ಎಂಟು ಜಾಡಿಗಳ ಗಂಟೆ

ಮೈಲುತುತ್ತದ ನೀಲಿ ಕಂಡರೆ ನನಗೆ ಈಗಲೂ ಅಪ್ಪನ ಗಂಟೆ ಕೇಳಿಸುತ್ತದೆ.

ಅಪ್ಪ ಅಜ್ಜಂಪುರದ ಕಡೆ ರೈಲ್ವೆ ಗೇಟು ಕಾಯುತ್ತಿದ್ದ. ರೈಲು ಬರುವ ಮುಂಚೆ ಸ್ಟೇಷನ್ನಿನಿಂದ ತಂತಿಯಲ್ಲಿ ಸೂಚನೆ ಬಂದು ನಮ್ಮ ಗುಡಿಸಲಲ್ಲಿ ಗಂಟೆ ಬಡಿಯುತ್ತಿತ್ತು; ಅದು ಕೇಳಿ ಅಪ್ಪ ಗೇಟು ಹಾಕುತ್ತಿದ್ದ. ಮೈಲುತುತ್ತದ ನೀರು ತುಂಬಿದ ನಾಲ್ಕು ಜಾಡಿಗಳು ಅದಕ್ಕೆ ಕರೆಂಟು ಕೊಡುತ್ತಿದ್ದವು. ಗಂಟೆಯ ಸದ್ದು ಸಣ್ಣಗಾದಾಗ ಅಪ್ಪ, ಕೆಸರಲ್ಲಿ ಹೂತ ಗಾಡಿಗೆ ಮುಂದೆ ಇನ್ನೊಂದು ಜೋಡಿ ಎತ್ತು ಕಟ್ಟಿದ ಹಾಗೆ, ಅದೇ ಸಾಲಿಗೆ ಇನ್ನೂ ನಾಲ್ಕು ಜಾಡಿ ಸೇರಿಸಿದ. ಅಷ್ಟೇನೂ ಜೋರಾಗಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಗಂಟೆಗೆ ಕಿವಿ ಹಚ್ಚಿ ಕೂತಿದ್ದ.

“ಏನಪ್ಪಾ, ಗಂಟೆಗೆ ಮುತ್ತು ಕೊಡ್ತಿದೀಯಾ?” ಎನ್ನುತ್ತಾ ತಂತಿ ರಿಪೇರಿಯ ಸಿದ್ದಣ್ಣ ಬಂದ. ಜಾಡಿ ನೋಡಿದ. “ಒಂದೇ ಸಾಲಾದ್ರೆ ಬಲಾನೆಲ್ಲ ಜಾಡಿಗಳೇ ತಿಂದ್ಬಿಡ್ತವೆ ಕಣೋ. ನಾಕ್ನಾಕು ಎರಡು ಸಾಲು ಮಾಡಿ ಪಕ್ಕಪಕ್ಕ ಸೇರಿಸ್ಬೇಕು. ಜಾಡಿ ಒಳಗಿನ ತಡೆ, ಗಂಟೆ ತಡೆ ಎರಡೂ ಸಮ ಆದ್ರೇನೇ ಗಂಟೆಗೆ ಪೂರಾ ಬಲ.” ತಂತಿ ಬಿಚ್ಚಿದ. ಅಪ್ಪ ಬಗ್ಗಿ ಜಾಡಿ ಹಿಡಿದುಕೊಂಡ.

“ತಂತಿ ಬಿಚ್ಚಿದ್ರಲ್ಲ, ಗೇಟು ಹಾಕಿದೀರಾ?” ಎಂದಳು ಅವ್ವ.

ಅಪ್ಪ ತಲೆ ಎತ್ತಿದ. ಅಷ್ಟರಲ್ಲಿ ಸಿದ್ದಣ್ಣ ಕೊನೆಯ ತಂತಿ ಮುಟ್ಟಿಸಿದ. ಗಂಟೆ ಗುಡಿಸಲು ನಡುಗುವಂತೆ ಬಡಿಯಿತು. ತಂತಿ ಬಿಚ್ಚಿದ್ದಾಗ ರೈಲಿನ ಸೂಚನೆ ಯಾವಾಗ ಬಂದಿತ್ತೋ ಯಾರಿಗೂ ಗೊತ್ತಿಲ್ಲ.

ಹಳಿಯ ಮೇಲೆ ಎತ್ತಿನ ಗಾಡಿಯೊಂದಿತ್ತು. ಅಪ್ಪ ಓಡಿಹೋಗಿ ಎತ್ತುಗಳನ್ನು ಮೂಗುದಾರ ಹಿಡಿದು ಆಚೆ ಎಳೆದ, ಗೇಟು ಹಾಕಿದ. ರೈಲು ಹೋಯಿತು.

“ಹೋಯ್ತಲ್ಲ, ತೆಗೀರಿ,” ಎಂದಳು ಅವ್ವ.

ಅಪ್ಪ ಗೇಟನ್ನು ತಬ್ಬಿ ಹಿಡಿದೇ ನಿಂತಿದ್ದ.