ಮೊಳ ತುಂಬಿದ ಮೇಲೆ ಕೊಸರು

ಮೈಸೂರಿನ ಒಂದು ಪುಟ್ಟ ಗೇಮ್ ಕಂಪನಿಯಲ್ಲಿ ಶ್ರೀವತ್ಸನಿಗೆ ಬಲು ಮಜವಾದ ಕೆಲಸ...

ಮೊಬೈಲ್ ಗೇಮ್ ಆಡುವವರಿಗೆ ಯಾವಾಗ, ಎಷ್ಟು ಬಹುಮಾನ ಸಿಗಬೇಕು ಅಂತ ತೀರ್ಮಾನ ಮಾಡುವುದು.

ಅವನ ಗೇಮ್‌ನಲ್ಲಿ ತೋಟ ಬೆಳೆಸಬೇಕು. ಒಂದು ಮಡಿ ಬೆಳೆದರೆ ಹತ್ತು ನಾಣ್ಯ.

ಒಮ್ಮೆ ಅವನ ತಲೆಗೊಂದು ಐಡಿಯಾ ಹೊಳೆಯಿತು... ಹತ್ತನ್ನು ಆರು ಮಾಡಿದ. ಕಿತ್ತುಕೊಂಡ ನಾಲ್ಕನ್ನು ಮಿನುಗುವ "ಅದೃಷ್ಟದ ಪೆಟ್ಟಿಗೆ"ಯೊಳಗೆ ಇಟ್ಟ. ಕೆಲವರಿಗೆ ಸಿಗುತ್ತೆ, ಕೆಲವರಿಗೆ ಇಲ್ಲ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದ್ದೇನೆ, ಯಾರಿಗೂ ಗೊತ್ತಾಗಲ್ಲ ಅಂತ ಬೀಗಿದ.

ಜನ ಅಷ್ಟು ದಡ್ಡರೇ?

ಮೂರೇ ವಾರದಲ್ಲಿ ಅರ್ಧಕ್ಕರ್ಧ ಜನ ಆಟ ಬಿಟ್ಟರು. ತಿಂಗಳೊಳಗೆ ಸರಿಹೋಗದಿದ್ದರೆ ಗೇಮ್ ಮುಚ್ಚಿಬಿಡೋಣ ಅಂದರು ಬಾಸ್. ಎರಡು ವರ್ಷ ಊಟ ನಿದ್ದೆ ಬಿಟ್ಟು ಮಾಡಿದ ಗೇಮ್ ಅದು...

ಆ ಸಂಜೆ ಸಪ್ಪೆ ಮುಖ ಹೊತ್ತು, ಹೆಂಡತಿಗೆ ಮಲ್ಲಿಗೆ ಕೊಳ್ಳಲು ನಿಂತ.

ಹೂವು ಮಾರುವ ಪುಟ್ಟಲಿಂಗಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ಅಳೆದರು. ಆಮೇಲೆ ಒಂದು ಗೇಣು ಕೊಸರು ಬಿಟ್ಟು ಕತ್ತರಿಸಿದರು.

ಶ್ರೀವತ್ಸನಿಗೆ ಕೀಟಲೆ ಮಾಡಬೇಕೆನಿಸಿತು. ಮೊಳವನ್ನೇ ಸ್ವಲ್ಪ ಗಿಡ್ಡ ಅಳೆದು, ಮಿಕ್ಕಿದ್ದನ್ನೇ ಕೊಸರು ಅಂತ ಕೊಟ್ಟರೆ ನಿಮಗೆ ನಷ್ಟವೇ ಇಲ್ಲವಲ್ಲ ಅಂದ.

ಆಕೆ ನಗಲಿಲ್ಲ.

"ಅಳತೇಲಿ ಕದ್ದು ಕೊಸರು ಕೊಟ್ರೆ, ಅವ್ರದ್ದನ್ನೇ ಅವ್ರಿಗೆ ಕೊಟ್ಟಂಗೆ ಕಣಪ್ಪ... ಮೊದ್ಲು ಮೊಳ ತುಂಬ್ಬೇಕು. ಅದಾದ್ಮೇಲೆ ಕೊಡೋದೇ ಕೊಸರು."

ಶ್ರೀವತ್ಸನ ಮುಖ ಇಷ್ಟೇ ಇಷ್ಟಾಯಿತು. ತಾನು ಮಾಡಿದ್ದೂ ಅದೇ ಅಲ್ಲವೇ...

ಮರುದಿನವೇ ಆರು ನಾಣ್ಯ ಮತ್ತೆ ಹತ್ತಾಯಿತು. ಪೆಟ್ಟಿಗೆಯೂ ಉಳಿಯಿತು, ಆದರೆ ಅದರಲ್ಲಿ ಸಿಗುವುದೆಲ್ಲ ಹತ್ತು ತುಂಬಿದ ಮೇಲಿನ ಕೊಸರು.

ಕೈಬಿಚ್ಚಿ ಕೊಟ್ಟರೆ ಜನಕ್ಕೆ ಆಟ ಬೇಗ ಬೇಜಾರಾಗುತ್ತೆ ಅಂತ ಬಾಸ್ ಗೊಣಗಿದರು. ಎರಡು ವಾರ ನೋಡಿ ಸಾರ್ ಅಂತ ಶ್ರೀವತ್ಸ ಬೇಡಿಕೊಂಡ.

ಬಿಟ್ಟುಹೋದವರು ಒಬ್ಬೊಬ್ಬರಾಗಿ ಮರಳಿದರು...

ಹನ್ನೆರಡನೇ ದಿನ ಒಂದು ಮೆಸೇಜ್ ಬಂತು. ಬರೆದವರು ಗೇಮ್ ಆಡುವ ಮದ್ದೂರಿನ ಜಯಶೀಲಮ್ಮ.

"ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿದೆ ಸಾರ್. ಮಾಡಿದ ಕೆಲಸಕ್ಕೆ ಪೂರ್ತಿ ಕೊಟ್ಟು, ಮೇಲೆ ಒಂದಿಷ್ಟು ಸೇರಿಸಿದವರನ್ನ ಇದೇ ಮೊದಲು ಕಂಡಿದ್ದು. ಬರೀ ಆಟ ಅಂತ ಗೊತ್ತು... ಆದ್ರೂ ನಿನ್ನೆ ಕಣ್ಣಲ್ಲಿ ನೀರು ಬಂತು."

ಶ್ರೀವತ್ಸ ಅದನ್ನು ತೋರಿಸಲು ಬಾಸ್ ಹತ್ತಿರ ಓಡಿದ. ಫೋನ್ ಇಸಿದುಕೊಂಡು ಓದಿದ ಬಾಸ್, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಗೇಮ್ ಮುಚ್ಚುವ ಮಾತು ಅಲ್ಲಿಗೇ ನಿಂತಿತು.

*ಸಲ್ಲಬೇಕಾದ್ದನ್ನು ಪೂರ್ತಿ ಕೊಡುವುದು ನ್ಯಾಯ... ಪ್ರೀತಿ ಶುರುವಾಗುವುದು ಅದರ ಆಚೆಗೆ.*

ಮನೆಯಲ್ಲಿ, ಕೆಲಸದಲ್ಲಿ ನಾವು ದೊಡ್ಡ ಮನಸ್ಸು ಮಾಡಿ ಕೊಡುತ್ತಿರುವ ಗಿಫ್ಟ್... ನಿಜಕ್ಕೂ ನಮ್ಮದೇ, ಅಥವಾ ಅವರದ್ದೇ?